ಎರವಲು ಸರಳು

ಟೊಲೀಡೊದಲ್ಲಿ ಹಿಮ ಕರಗಿತೆಂದರೆ ಗಂಡಸರಿಗೆ ಪರರ ಅಂಗಳದಲ್ಲಿ ನಿಂತು ಬುದ್ಧಿ ಹೇಳುವ ಕಾಲ ಬಂತೆಂದೇ ಅರ್ಥ. ರಸ್ತೆಗೆ ಸುರಿದ ಉಪ್ಪು ಕಾರುಗಳ ಹೊಟ್ಟೆಯನ್ನೆಲ್ಲ ತಿಂದಿರುತ್ತದೆ. ಯಾರಾದರೂ ಜ್ಯಾಕ್ ಏರಿಸಿದರೆ ಸಾಕು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಬಂದುಬಿಡುತ್ತಾರೆ. ವರ್ನಾಳ ಅಂಗಳಕ್ಕೆ ಆ ಶನಿವಾರ ಬಂದವನು ಅವಳ ತಮ್ಮ ಡುವೇನ್ ಒಬ್ಬನೇ. ಮಾತು ಮಾತ್ರ ಹತ್ತು ಜನರದು.

"ಕೈಯಲ್ಲಿ ತಿರುಗಿಸ್ತಾ ಕೂರ್ತೀಯೇನೇ ಅಕ್ಕಾ? ಸಂಜೆಯಾಗುತ್ತೆ. ನನ್ನ ಟ್ರಕ್ಕಲ್ಲಿ ಬ್ಯಾಟರಿ ಸ್ಪ್ಯಾನರ್ ಇದೆ, ಟರ್ರ್ ಅಂದ್ರೆ ಮುಗೀತು."

"ಟರ್ರ್ ಅಂದ್ರೆ ಥ್ರೆಡ್ ಮುಗಿಯುತ್ತೆ. ಥ್ರೆಡ್ ಮುಗಿದ್ರೆ ಸ್ಪ್ರಿಂಗ್ ಹಾರಿ ಮೂತಿಗೆ ಬರುತ್ತೆ. ಬಾಯ್ಮುಚ್ಕೊಂಡು ನಿಲ್ಲು."

ಕಾರು ವರ್ನಾಳ ಮಗಳು ಕೊರಿನ್‌ಳದು. ಮುಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿಕೊಂಡು ಸತ್ತಿತ್ತು. ಅದನ್ನು ಬದಲಿಸಬೇಕಾದರೆ ಮೊದಲು ಅದರ ಸುತ್ತಲಿನ ಸ್ಪ್ರಿಂಗಿಗೆ ಎರಡು ಪಕ್ಕದಲ್ಲೂ ತಿರುಪಿನ ಥ್ರೆಡ್ ಇರುವ ಕೊಕ್ಕೆಯ ಸರಳು ಹಾಕಿ, ಅತ್ತ ಸ್ವಲ್ಪ ಇತ್ತ ಸ್ವಲ್ಪ ಬಿಗಿಯುತ್ತ ಕುಗ್ಗಿಸಬೇಕು. ಕಾರಿನ ಮೂತಿಯನ್ನೇ ಹೊತ್ತು ನಿಲ್ಲುವ ಸ್ಪ್ರಿಂಗು ಅದು. ಕೊಕ್ಕೆ ಜಾರಿದರೆ ಎದುರಿಗಿದ್ದವರ ದವಡೆ ಉಳಿಯುವುದಿಲ್ಲ. ಎದುರಿಗಿದ್ದವಳು ಕೊರಿನ್. ಮೊಣಕಾಲೂರಿ ಕೂತು, ಕಾರಿನಿಂದ ಕಳಚಿ ತೆಗೆದ ಸ್ಪ್ರಿಂಗನ್ನು ಎರಡೂ ಕೈಯಿಂದ ಸಿಮೆಂಟು ನೆಲಕ್ಕೆ ಒತ್ತಿ ಹಿಡಿದಿದ್ದಳು.

ಸರಳುಗಳು ಅಂಗಡಿಯವು. ಬಿಡಿಭಾಗದ ಅಂಗಡಿಯಲ್ಲಿ ಠೇವಣಿ ಇಟ್ಟರೆ ಎಂಥ ಉಪಕರಣವನ್ನಾದರೂ ಎರವಲು ಕೊಡುತ್ತಾರೆ. ಹಿಂತಿರುಗಿಸುವಾಗ ಕೌಂಟರಿನವನು ಪೆಟ್ಟಿಗೆ ತೆರೆದು, ತುಂಡುಗಳೆಲ್ಲ ಇವೆಯೇ ಎಂದು ಕಣ್ಣಾಡಿಸಿ ಮತ್ತೆ ಗೋಡೆಗೆ ನೇತುಹಾಕುತ್ತಾನೆ. ಊರಿನ ಅರ್ಧ ಕಾರುಗಳು ಓಡುತ್ತಿರುವುದೇ ಹೀಗೆ. ಎರವಲು ತಂದದ್ದಕ್ಕೆ ಎಣ್ಣೆ ಗ್ರೀಸು ಮುಟ್ಟಿಸಿ ವಾಪಸು ಕೊಡುವವರು ಮಾತ್ರ ಒಬ್ಬರೂ ಇಲ್ಲ. ಅಂಥದ್ದರಲ್ಲಿ ಈ ಪೆಟ್ಟಿಗೆಯ ಒಂದು ಸರಳಿಗೆ ಯಾರೋ ಧಾರಾಳವಾಗಿ ಗ್ರೀಸು ಮೆತ್ತಿದ್ದರು. ಯಾರೋ ಪುಣ್ಯಾತ್ಮ ಅಂದುಕೊಂಡಳು ವರ್ನಾ.

ಪೆಟ್ಟಿಗೆ ತೆರೆದ ಮೇಲೆ ಡುವೇನ್‌ನ ಬಾಯಿ ಕಟ್ಟಿಹೋಗಿತ್ತು. ತನ್ನ ಗದರಿಕೆ ನಾಟಿತು ಎಂದೇ ಅವಳು ತಿಳಿದಳು. ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಬಿಗಿಯುತ್ತ ಬಂದಳು. ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಹತ್ತಿರವಾದವು. ಆಗ ಬಲಗಡೆಯ ಸರಳು ಕರಕ್ಕೆಂದು ಅವಳ ಕೈಯಲ್ಲೇ ಒಮ್ಮೆ ಎಗರಿತು.

"ಕೊರಿನ್, ನನಗೊಂದು ಬಿಯರ್ ತಂದ್ಕೊಡು ಪುಟ್ಟೀ, ಬೇಗ," ಎಂದ ಡುವೇನ್.

ದನಿ ಬಂದದ್ದು ಅವನ ಟ್ರಕ್ಕಿನ ಆಚೆಯಿಂದ. ಯಾರ ಕೆಲಸಕ್ಕಾದರೂ ಮೂಗು ತೂರಿಸುವ ಮನುಷ್ಯ, ಟ್ರಕ್ಕಿನ ಮರೆಯಲ್ಲಿ ಬರೀ ತಲೆ ತೋರಿಸಿಕೊಂಡು ನಿಂತಿದ್ದ. ವರ್ನಾ ಬಿಗಿಯುವುದನ್ನು ಅಲ್ಲಿಗೇ ನಿಲ್ಲಿಸಿದಳು.

"ಎದ್ದು ಒಳಗೆ ಹೋಗು," ಎಂದಳು ಮಗಳಿಗೆ.

"ನಾನು ಬಿಟ್ರೆ ಇದು ಉರುಳುತ್ತಲ್ಲಮ್ಮ?"

"ಹೋಗು ಅಂದೆ!"

ಕೊರಿನ್ ಬೆಚ್ಚಿ ಎದ್ದು ಹೋದಳು. ಇನ್ನು ಹುಲಿಯ ಬಾಲ ಹಿಡಿದ ಕಥೆ. ಬಿಗಿದದ್ದನ್ನು ಹಾಗೇ ಬಿಟ್ಟು ಓಡುವಂತಿಲ್ಲ. ವರ್ನಾ ಬೂಟುಗಾಲಿನಿಂದ ಅದನ್ನು ಒತ್ತಿ ಹಿಡಿದು, ಮುಖ ಆಚೆ ತಿರುಗಿಸಿ, ಅಷ್ಟಷ್ಟೇ ಸಡಿಲಿಸತೊಡಗಿದಳು. ಕೊನೆಗೆ ಸ್ಪ್ರಿಂಗು ಬಲವೆಲ್ಲ ಬಿಟ್ಟು ತಣ್ಣಗಾಯಿತು.

ಬಲಗಡೆಯ ಸರಳನ್ನು ಬಟ್ಟೆಯಿಂದ ಒರೆಸಿದಳು. ಗ್ರೀಸಿನಡಿಯಲ್ಲಿ ಥ್ರೆಡ್ ಸವೆದು ನುಣ್ಣಗಾಗಿತ್ತು.

"ಹೋದ ತಿಂಗಳು ನಿನ್ನ ಟ್ರಕ್ಕಿಗೆ ಇದನ್ನೇ ತಂದಿದ್ದೆ ಅಲ್ವಾ?"

ಡುವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಸ್ವಲ್ಪ ಸವೆದಿತ್ತು. ಠೇವಣಿ ಹೋಗುತ್ತಲ್ಲಾಂತ ಗ್ರೀಸ್ ಹಚ್ಚಿ ಕೊಟ್ಬಿಟ್ಟೆ. ಅದು ಸುತ್ತಿ ಬಳಸಿ ನಿನ್ನ ಹತ್ರಾನೇ ಬರುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

"ಬಂತಲ್ಲ. ಆಗ ಬಾಯಿ ಬಿಡೋಕೇನಾಗಿತ್ತು ಧಾಡಿ?"

"ಹೇಳಿದ್ರೆ ಸಾಯೋವರೆಗೂ ಆಡ್ಕೊಳ್ತಿದ್ದೆ ನೀನು. ಅದಕ್ಕೇ ಕೊರಿನ್‌ನ ಕಳಿಸೋಕೆ ನೋಡಿದ್ನಲ್ಲ!"

"ಮತ್ತೆ ನಾನು?"

"ನೀನು ಹುಷಾರು ಕಣೇ. ಕೈಯಲ್ಲೇ ನಿಧಾನಕ್ಕೆ ಮಾಡ್ತೀಯ. ಏನೂ ಆಗಲ್ಲ ಅನ್ಕೊಂಡೆ."

ವರ್ನಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ತಾನು ಬದುಕಿಡೀ ಹುಷಾರಾಗಿ ಇದ್ದದ್ದು ಇವನು ಹಾಯಾಗಿ ಹೇಡಿಯಾಗಿರಲಿ ಎಂದೇನು? ಕೈಯಲ್ಲಿದ್ದ ಸರಳಿನಿಂದಲೇ ಅವನಿಗೆ ಬಾರಿಸಬೇಕೆನ್ನಿಸಿತು.

"ಕೊಡಿಲ್ಲಿ," ಎಂದ ಡುವೇನ್, ಮೆತ್ತಗೆ. "ನಾನೇ ವಾಪಸ್ ಕೊಟ್ಟು ಬೇರೆ ತರ್ತೀನಿ. ಮತ್ತೊಂದು ಸಲ ಗ್ರೀಸ್ ಹಚ್ಚಿದ್ರೆ ಅವರು ನೋಡೋದೂ ಇಲ್ಲ."

ವರ್ನಾ ಗ್ಯಾರೇಜಿನೊಳಗೆ ಹೋಗಿ ಸರಳನ್ನು ಮೇಜಿಗೆ ಬಿಗಿದ ವೈಸಿನ ಹಿಡಿತದಲ್ಲಿ ಕಚ್ಚಿಸಿ, ಕಬ್ಬಿಣ ಕೊಯ್ಯುವ ಗರಗಸ ಎತ್ತಿಕೊಂಡಳು.

"ಬಾ ಇಲ್ಲಿ. ಆ ತುದಿ ಹಿಡ್ಕೋ."

"ಅಯ್ಯೋ, ಅಂಗಡಿಯವರ ಮಾಲು! ನಿನ್ನ ಠೇವಣಿ ಹೋಗುತ್ತೆ ಕಣೇ!"

"ಹೋಗ್ಲಿ. ಇದು ಇನ್ನು ಯಾರ ಮನೆಗೂ ಹೋಗಲ್ಲ. ಹಿಡ್ಕೋ."

ಅವನು ಹಿಡಿದ. ಉಕ್ಕು ಗಟ್ಟಿಯಿತ್ತು, ಗರಗಸ ಕಿರುಚುತ್ತ ನಿಧಾನವಾಗಿ ಇಳಿಯಿತು. ಹಾರುವ ಉಕ್ಕಿನ ಪುಡಿಗೆ ಹೆದರಿ ಡುವೇನ್ ಮುಖ ಹಿಂದಕ್ಕೆ ಎಳೆದುಕೊಂಡ.

"ಮುಖ ಹತ್ರ ತಾ," ಎಂದಳು ವರ್ನಾ, ಕೊಯ್ಯುವುದನ್ನು ನಿಲ್ಲಿಸದೆ. "ಇನ್ನೂ ಹತ್ರ. ನನ್ನ ಮಗಳು ಇಷ್ಟು ಹತ್ರ ಇದ್ದಳು."