ಸರ್ದಾರನ ಕೊರಳ ಸರಪಳಿ

ನಾನು ಒಂದು ಸರಪಳಿ. ಹುಟ್ಟಿದ್ದು ಮಹಾಲಿಂಗಪುರದ ರಸ್ತೆ ಬದಿಯ ಒಂದು ಕುಲುಮೆಯಲ್ಲಿ. ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಯಿಸಿ, ಬಾಗಿಸಿ, ಕೊಂಡಿಗೆ ಕೊಂಡಿ ಸೇರಿಸಿ ಬೆಸೆದರು. ಕೊನೆಗೆ ಕಮ್ಮಾರ ನನ್ನ ಒಂದು ತುದಿಯನ್ನು ಕಾಲಡಿ ಒತ್ತಿ, ಇನ್ನೊಂದು ತುದಿ ಹಿಡಿದು ಜಗ್ಗಿ ನೋಡಿದ. "ಆನಿ ಕಟ್ಟಿದ್ರೂ ಹರಿಯಂಗಿಲ್ಲ" ಎಂದ. ಆ ಮಾತನ್ನು ನಾನು ಬಹಳ ನಂಬಿಬಿಟ್ಟೆ.

ಮೊದಲು ನನ್ನನ್ನು ಕೊಂಡದ್ದು ಕಬ್ಬಿನ ಟ್ರೇಲರಿನವರು. ಕಾರ್ಖಾನೆಗೆ ಹೋಗುವ ಹೊರೆ ಜಾರದಂತೆ ಬಿಗಿದು ಹಿಡಿಯುವುದು ನನ್ನ ಕೆಲಸ. ಕಬ್ಬಿಗೆ ಉಸಿರಿಲ್ಲ, ಬಿಸಿಯಿಲ್ಲ. ಇವತ್ತಿನ ಹೊರೆ ನಾಳೆ ಇರುವುದಿಲ್ಲ. ಯಾರ ಮೇಲೂ ಆಸೆ ಹುಟ್ಟಲಿಲ್ಲ. ಟ್ರೇಲರು ಮುರಿದು ಗುಜರಿಗೆ ಹೋದಾಗ ಡ್ರೈವರು ನನ್ನನ್ನು ಬಿಚ್ಚಿಕೊಂಡು ಬನಹಟ್ಟಿಯ ತನ್ನ ಗೆಳೆಯ ಮಹಾಂತೇಶನಿಗೆ ಕೊಟ್ಟ.

ಮಹಾಂತೇಶ ನೇಕಾರ. ಮನೆಯ ಮುಂದಿನ ಖೋಲಿಯಲ್ಲಿ ವಿದ್ಯುತ್ ಮಗ್ಗಗಳು ದಿನವಿಡೀ ಕಟಕಟ ಎನ್ನುತ್ತಿದ್ದವು. ಮನೆಯಲ್ಲಿ ಅವನ ಅಜ್ಜಿ, ಎಲ್ಲರೂ ಆಯಿ ಎನ್ನುವವಳು. ಜೊತೆಗೆ ತಂಗಿ ಲೀಲಾ. ಹೆಂಡತಿ ಸುವರ್ಣಾ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮತ್ತು ಸರ್ದಾರನಿದ್ದ. ಸಾಂಗ್ಲಿಯಿಂದ ಮರಿಯಾಗಿ ತಂದ ನಾಯಿ ಕರುವಿನಷ್ಟು ಬೆಳೆದಿತ್ತು. ತೆಳು ಸರಪಳಿಗಳನ್ನೆಲ್ಲ ಹರಿದು ಹಾಕಿದ್ದ ಅವನಿಗಾಗಿಯೇ ನಾನು ಬಂದದ್ದು.

ಅವನ ಕೊರಳಿಗೆ ನನ್ನನ್ನು ಸುತ್ತಿದ ದಿನ ನನಗೆ ಮೊದಲ ಸಲ ಬಿಸಿ ತಾಗಿತು. ರೋಮದ ಕೆಳಗೆ ರಕ್ತ ಓಡುವುದು ತಿಳಿಯುತ್ತಿತ್ತು. ಅಂದಿನಿಂದ ಅವನು ನನ್ನವನು ಎಂದುಕೊಂಡೆ. ಅವನ ಬೆನ್ನ ಮೇಲೆ ಬೀಳುವ ಬಿಸಿಲನ್ನು ಕಂಡರೂ ನನಗೆ ಹೊಟ್ಟೆಕಿಚ್ಚು. ಅವನ ಕಿವಿಗೆ ಕಚ್ಚಿಕೊಂಡ ಉಣ್ಣಿಯನ್ನು ಕಂಡರೂ ಹೊಟ್ಟೆಕಿಚ್ಚು.

ಮಹಾಂತೇಶ ಅವನಿಗೆ ಪಾಠ ಹೇಳುತ್ತಿದ್ದುದು ಕೂಗಿ. "ಕುಂದ್ರು! ಕುಂದ್ರಂದ್ರ ಕುಂದ್ರಬೇಕ್ ಮಗನ!" ಸರ್ದಾರ ಗೋಡೆ ನೋಡುತ್ತಿದ್ದ. ಮಹಾಂತೇಶ ನನ್ನನ್ನು ಜಗ್ಗುತ್ತಿದ್ದ, ಅವನೂ ಜಗ್ಗುತ್ತಿದ್ದ. ಓಣಿಯಲ್ಲಿ ಹೊರಟರೆ ಮಹಾಂತೇಶನ ಚಪ್ಪಲಿ ಹಿಂದೆ ಉಳಿಯುತ್ತಿತ್ತು.

"ಏನ್ ಮಾಂತ್ಯಾ, ನಾಯಿ ನಿನ್ನ ಮೇಸಾಕ ಹೊಡಕೊಂಡ್ ಹೊಂಟೈತೇನು?" ಎಂದು ಕಟ್ಟೆಯ ಮೇಲೆ ಕುಳಿತವರು ನಗುತ್ತಿದ್ದರು.

ನನಗೆ ಅದೇ ಸುಖದ ಕಾಲ. ಎರಡೂ ಕಡೆಯಿಂದ ಜಗ್ಗಿದರೆ ನಡುವೆ ಇರುವವನೇ ದೊಡ್ಡವನು.

ಒಂದು ದಿನ ಸರ್ದಾರ ಪ್ರೀತಿಯಿಂದಲೇ ಆಯಿಯ ಮೇಲೆ ಹಾರಿದ. ಆಯಿ ಹಿತ್ತಲ ಕಲ್ಲಿನ ಮೇಲೆ ಬಿದ್ದು ಮುಂಗೈ ಊದಿಸಿಕೊಂಡಳು. ಮಹಾಂತೇಶ ಮಗ್ಗ ನಿಲ್ಲಿಸಿ ಹೊರಗೆ ಬಂದ.

"ಸುವರ್ಣಾ ಕೂಸಿನ್ನ ಕರಕೊಂಡ್ ಬರೂದ್ರಾಗ ಇದು ಈ ಮನ್ಯಾಗ ಇರಬಾರ್ದು. ಕಲ್ಲಿನ ಕ್ವಾರಿಯವ್ರು ಕೇಳ್ಯಾರ. ಹಗಲೂ ರಾತ್ರಿ ಕಟ್ಟೇ ಇಡ್ತಾರಂತ."

"ಅಣ್ಣಾ, ನಾ ಕಲಸ್ತೀನಿ" ಎಂದಳು ಲೀಲಾ, ನೆಲ ನೋಡುತ್ತ.

"ನೀನಾ? ನಿನ್ನ ದನಿ ನಿನಗ ಕೇಳಸಂಗಿಲ್ಲ. ಅದಕ್ಕೇನ್ ಕೇಳಸ್ತೈತಿ?"

"ಕೂಸು ಬರೂತನಾ ನೋಡು. ಆಮ್ಯಾಲ ಕಳಸು."

ನನಗೋ ಒಳಗೊಳಗೇ ಹಿಗ್ಗು. ಕ್ವಾರಿಯಲ್ಲಿ ಬಿಸಿಲು, ಕಲ್ಲು, ಅವನು, ನಾನು. ಇನ್ನಾರೂ ಇಲ್ಲ. ಲೀಲಾ ಸೋಲಲಿ ಎಂದು ಕಾದೆ.

ಅವಳು ಸಂಜೆ ಶಾಲೆಯಿಂದ ಬಂದ ಮೇಲೆ ಬಾಗಿಲ ಬಳಿ ಕುಳಿತು ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು. ಕೈಯಲ್ಲಿ ನೂಲು, ಕಣ್ಣು ಎಲ್ಲ ಕಡೆ. ಆ ಖೋಲಿಯಲ್ಲಿ ಮಗ್ಗಗಳು ಓಡುವಾಗ ಯಾರೂ ಬಾಯಿಂದ ಮಾತಾಡುವುದಿಲ್ಲ. ಅಂಗೈಯನ್ನು ಗಾಳಿಯಲ್ಲೇ ಕೆಳಮುಖವಾಗಿ ಒತ್ತಿದರೆ ಮಗ್ಗ ನಿಲ್ಲಿಸು ಎಂದು. ಐದೂ ಬೆರಳು ಕೂಡಿಸಿ ಬಾಯಿಗೆ ತೋರಿಸಿದರೆ ಊಟಕ್ಕೆ ಬಾ ಎಂದು. ಆಯಿ ಹಾಗೆ ಬೆರಳು ಕೂಡಿಸಿದಾಗ ಮಹಾಂತೇಶನಿಗಿಂತ ಮೊದಲು ಸರ್ದಾರ ಏಳುತ್ತಿದ್ದ. ಅದನ್ನು ಲೀಲಾ ಕಂಡಳು. ಒಬ್ಬರಿಗೊಬ್ಬರು ಕೈಯಿಂದ ಮಾತಾಡುವ ಈ ಜನ ನಾಯಿಗೆ ಮಾತ್ರ ಕೂಗುತ್ತಿದ್ದರು. ಮಗ್ಗದ ಸದ್ದಿನಲ್ಲೇ ಬೆಳೆದ ಅವನಿಗೆ ಆ ಕೂಗೂ ಒಂದು ಕಟಕಟ.

ಮರುದಿನ ಅವಳು ಬಾಯಿ ತೆರೆಯಲಿಲ್ಲ. ಅಂಗೈ ಕೆಳಗೆ ಒತ್ತಿ ನಿಂತಳು. ಸರ್ದಾರ ಹಾರಿದ. ಅವಳು ಬೆನ್ನು ತಿರುಗಿಸಿದಳು. ಮತ್ತೆ ಹಾರಿದ, ಮತ್ತೆ ಬೆನ್ನು. ಬೇಸತ್ತು ಅವನ ಕುಂಡೆ ನೆಲಕ್ಕೆ ತಾಗಿದ್ದೇ ತಡ, ಬಾಯಿಗೆ ರೊಟ್ಟಿಯ ಚೂರು. ಹೊರಗೆ ಹೊರಟಾಗ ಅವನು ಜಗ್ಗಿದರೆ ಕಂಬದಂತೆ ನಿಲ್ಲುವಳು. ನಾನು ಸಡಿಲಾದಾಗ ಮಾತ್ರ ಹೆಜ್ಜೆ. ಎಷ್ಟೋ ಸಂಜೆಗಳು ಅವರು ಓಣಿಯ ತಿರುವನ್ನೂ ದಾಟಲಿಲ್ಲ. ಒಮ್ಮೆ ಅವನು ಜಗ್ಗಿದ ರಭಸಕ್ಕೆ ನಾನು ಅವಳ ಅಂಗೈ ಚರ್ಮ ಕಿತ್ತೆ. ಆಯಿ ಅರಿಸಿನ ಒತ್ತುತ್ತ, "ಹಟಮಾರಿಗೆ ಹಟಮಾರಿ ಜೋಡಿ" ಎಂದಳು. ಮರುದಿನ ಅದೇ ಗಾಯದ ಕೈ ಮುಂದೆ ಬಂತು. ಸರ್ದಾರ ಅದನ್ನು ಮೂಸಿ, ನೆಕ್ಕಿ, ತಾನೇ ಕುಳಿತ. ಆ ಕೈಯನ್ನು ನಾನು ದ್ವೇಷಿಸಿದಷ್ಟು ಬೇರೆ ಯಾವುದನ್ನೂ ದ್ವೇಷಿಸಿಲ್ಲ.

ಬರಬರುತ್ತ ನಾನು ಬಿಗಿಯಾಗುವುದೇ ನಿಂತುಹೋಯಿತು. ಸಡಿಲವಾದ ಸರಪಳಿಯ ಪಾಡು ಯಾರೂ ಮಾತಾಡಿಸದ ನೆಂಟನ ಪಾಡು.

ಸುವರ್ಣಾ ಬರುವ ದಿನ ಬಂತು. ಮಹಾಂತೇಶನಿಗೆ ಇನ್ನೂ ನಂಬಿಕೆಯಿರಲಿಲ್ಲ. ಕ್ವಾರಿಯ ಟೆಂಪೋಗೆ ಹೇಳಿ ಕಳಿಸಿದ್ದ, ಸುವರ್ಣಾಳಿಗೂ ತಿಳಿಸಿದ್ದ. ಅಂಗಳದ ಮೂಲೆಯಲ್ಲಿ ಹೊಸ ಗೂಟ ಹೊಡೆದು ನನ್ನನ್ನು ಕಟ್ಟಿದ. ನೆಲಕ್ಕೆ ಬೆಳಿಗ್ಗೆಯಷ್ಟೇ ನೀರು ಹೊಡೆದಿದ್ದರು.

ಬಾಗಿಲಲ್ಲಿ ಸುವರ್ಣಾ ಕೂಸನ್ನೆತ್ತಿಕೊಂಡು ನಿಂತಳು. ಆಯಿ ದೃಷ್ಟಿ ತೆಗೆಯಲು ರೊಟ್ಟಿಯ ತುಂಡು ನಿವಾಳಿಸಿ ಬದಿಗೆ ಎಸೆದಳು. ನಾಯಿಗೆ ರೊಟ್ಟಿ ಕೊಟ್ಟು ಕೊಟ್ಟೇ ಪಾಠ ಕಲಿಸಿದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಆಯಿಯ ಮುಂಗೈ ನೋವು ಇನ್ನೂ ಮಾಯದ್ದರಿಂದ ತುಂಡು ದೂರ ಹೋಗದೆ ಸುವರ್ಣಾಳ ಕಾಲ ಬಳಿಯೇ ಬಿತ್ತು.

ಸರ್ದಾರ ನೆಗೆದ. ಹಸಿ ಮಣ್ಣಿನಿಂದ ಗೂಟ ಕಿತ್ತು ಬಂತು. ಅವನ ಹಿಂದೆ ನಾನು ಗಲಗಲ ಎನ್ನುತ್ತ ಓಡಿದೆ. ಕೂಸಿಗೆ ಏನೂ ಆಗುವುದು ಬೇಡ, ಆದರೆ ಎಲ್ಲರೂ ಒಮ್ಮೆ ಕಿರುಚಲಿ, ಟೆಂಪೋ ಬರಲಿ ಎಂದುಕೊಂಡೆ.

"ಏ! ಹಿಡೀರಿ! ಸರ್ದಾರಾ!" ಮಹಾಂತೇಶ ಕೂಗಿದ. ಓಣಿಯ ಮಗ್ಗಗಳ ಸದ್ದಿನಲ್ಲಿ ಆ ಕೂಗು ಕರಗಿತು.

ಸುವರ್ಣಾಳ ಪಕ್ಕದಲ್ಲಿದ್ದ ಲೀಲಾ ಓಡಲಿಲ್ಲ. ಅಂಗೈ ಕೆಳಗೆ ಒತ್ತಿದಳು.

ಸರ್ದಾರ ಕುಳಿತ. ರೊಟ್ಟಿ ಅವನ ಮೂಗಿನ ಮುಂದೆಯೇ ಇತ್ತು. ಜೊಲ್ಲು ಸುರಿಯುತ್ತಿತ್ತು, ಕಣ್ಣು ಮಾತ್ರ ಆ ಕೈಯ ಮೇಲೆ. ನಾನು ಜಾರಿಕೊಂಡು ಬಂದು ಅವನ ಹಿಂದೆ ಸುರುಳಿಯಾಗಿ ಬಿದ್ದೆ. ಆನೆಯನ್ನು ಕಟ್ಟಬಲ್ಲ ನಾನು ಅಲ್ಲಿ ಏನೂ ಮಾಡಿರಲಿಲ್ಲ.

ಸುವರ್ಣಾ ಉಸಿರು ಬಿಟ್ಟಳು. "ಇಷ್ಟ್ ಮಾತ್ ನೀವೂ ಕೇಳಂಗಿಲ್ಲಲ್ರೀ" ಎಂದಳು ಗಂಡನಿಗೆ. "ಆ ಟೆಂಪೋದವ ಬಂದ್ರ ಚಾ ಕೊಟ್ಟು ಕಳಸ್ರಿ."

ಲೀಲಾ ಬಂದು ನನ್ನ ಕೊಕ್ಕೆ ಬಿಚ್ಚಿದಳು.

ಈಗ ನನಗೆ ತುಕ್ಕು ಹಿಡಿದಿದೆ. ಹಿತ್ತಲ ಬಾಗಿಲಿಗೆ ಅಗಳಿಯ ಬದಲು ನನ್ನನ್ನು ಸುತ್ತುತ್ತಾರೆ. ಯಾರಾದರೂ ಬಾಗಿಲು ತೆರೆದಾಗ ನಾನು ಸದ್ದು ಮಾಡುತ್ತೇನೆ. ಆಗ ಸರ್ದಾರ ಎಲ್ಲೇ ಮಲಗಿರಲಿ, ಕೊರಳನ್ನು ಒಮ್ಮೆ ಕೊಡವುತ್ತಾನೆ. ಅವನ ಕೊರಳ ಸುತ್ತ ರೋಮ ಉದುರಿದ ಒಂದು ಪಟ್ಟಿಯಿದೆ, ಅದು ನಾನಿದ್ದ ಜಾಗ. ಅಷ್ಟಾದರೂ ನನ್ನದು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಮೊನ್ನೆ ಆ ಕೂಸು ಅಂಬೆಗಾಲಿಟ್ಟು ಅವನ ಬಳಿಗೆ ಹೋಯಿತು. ಎದ್ದು ನಿಲ್ಲಲು ಆಸರೆ ಹುಡುಕುತ್ತ, ಸರಿಯಾಗಿ ಆ ಪಟ್ಟಿಯ ಮೇಲೆಯೇ ಎರಡೂ ಕೈ ಊರಿತು. ಲೀಲಾ ಹಿತ್ತಲಿನಿಂದ ಬರುತ್ತ ಬಾಗಿಲು ತೆರೆದಳು. ನಾನು ಇದ್ದಬದ್ದ ಕೊಂಡಿಗಳನ್ನೆಲ್ಲ ಸೇರಿಸಿ ಗಲಗಲ ಎಂದೆ.

ಸರ್ದಾರ ಕೊರಳು ಕೊಡವಲಿಲ್ಲ. ಕೂಸು ಬಿದ್ದೀತು ಎಂದು ಅಲುಗದೆ ಕುಳಿತಿದ್ದ.