ಬಕೆಟ್ಟಿನ ಕುಣಿಕೆ

ಭಾವ ಒಂದು ಕಾಲನ್ನು ಆಗಲೇ ತಾರಸಿಯ ಗೋಡೆಯಾಚೆ ಇಳಿಬಿಟ್ಟಿದ್ದ. ಕೆಳಗೆ ಹದಿನಾಲ್ಕು ಮಹಡಿಯ ಗಾಜು, ಅದರ ಕೆಳಗೆ ಕಾರುಗಳು. ಇಪ್ಪತ್ತು ವರ್ಷದಿಂದ ಹಗ್ಗದಲ್ಲಿ ನೇತಾಡುತ್ತ ಕಿಟಕಿ ಒರೆಸುವವನಿಗೆ ಅದೇನು ಹೊಸದಲ್ಲ.

ಹೊಸದೆಂದರೆ ಮೌನ. ಇಳಿಯುವವನು "ನೋಡೋ" ಅನ್ನಬೇಕು, ಜೊತೆಗಾರ ಹಗ್ಗ ಜಗ್ಗಿ "ಸರಿ" ಅನ್ನಬೇಕು. ತನ್ನ ಹಗ್ಗವನ್ನು ತಾನೇ ನೋಡಿಕೊಂಡರೆ ಅದು ಲೆಕ್ಕಕ್ಕಿಲ್ಲ. ಆದರೆ ಇಲ್ಲಿ ಜೊತೆಗಾರ ಹೆಂಡತಿಯ ತಮ್ಮ. ಒಂಬತ್ತು ದಿನದ ಹಿಂದೆ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ಈ ಭಾಮೈದ, "ಅಕ್ಕಾ, ಭಾವಂಗೆ ಇನ್ನು ಕೆಳಗಿನ ಕೆಲಸ ಕೊಡಿಸೋಣ. ವಯಸ್ಸಾಯ್ತು, ನಂಗೆ ಭಯ ಆಗುತ್ತೆ," ಅಂದುಬಿಟ್ಟಿದ್ದ. ಅವತ್ತಿನಿಂದ ಭಾವ ಮಾತು ಬಿಟ್ಟಿದ್ದ. ಇವನನ್ನು ಕೇಳಿಕೊಂಡು ಇಳಿಯುವುದೇ? ಅದೂ ತಾನೇ ಕೆಲಸ ಕಲಿಸಿದವನನ್ನು?

"ಏಯ್ ಭಾವ, ನಿಲ್ಲಿ!"

ಹಿಂದಿನಿಂದ ಕಾಲರಿಗೆ ಕೈ ಬಿತ್ತು. ಭಾಮೈದ ಅವನನ್ನು ಮೂಟೆಯಂತೆ ಎಳೆದು ತಾರಸಿಯ ಮೇಲೆ ಕೆಡವಿದ. ಬೈಯಲು ಬಾಯಿ ತೆರೆದ ಭಾವ, ಅವನು ಬೆರಳು ಮಾಡಿದ ಕಡೆ ನೋಡಿ ಹಾಗೇ ಕೂತ. ಸೊಂಟದ ಪಟ್ಟಿಯ ಉಕ್ಕಿನ ಬಳೆಗೆ ಸಿಕ್ಕಿಸಬೇಕಾದ ಹಗ್ಗದ ಕೊಂಡಿ, ಪಕ್ಕದ ಬಟ್ಟೆಯ ಕುಣಿಕೆಯಲ್ಲಿತ್ತು. ಬಕೆಟ್ ತೂಗುಹಾಕುವ ಕುಣಿಕೆ ಅದು. ಬಕೆಟ್ಟಿನಷ್ಟು ಭಾರವನ್ನು ಮಾತ್ರ ಅದು ತಡೆಯುವುದು.

"ನಿಮ್ಮನ್ನೇ ಬಕೆಟ್ ಮಾಡ್ಕೊಂಡ್ಬಿಟ್ಟಿದ್ರಲ್ಲ ಭಾವ," ಎಂದ ಭಾಮೈದ. ನಗಿಸಲು ಹೋದವನ ದನಿಯೇ ನಡುಗುತ್ತಿತ್ತು.

"ನಾನು ನಿನ್ನ ಕೇಳ್ಲೇ ಇಲ್ವಲ್ಲೋ."

"ಕೇಳ್ದಿದ್ರೆ ನೋಡ್ಬಾರ್ದಾ? ಒಂಬತ್ತು ದಿನದಿಂದ ನಿಮ್ಮ ಬೆನ್ನ ಹಿಂದೇನೇ ನಿಂತು ನೋಡ್ತಿದೀನಿ."

ಎಂಥ ಹುಡುಗನ ಮೇಲೆ ಮುನಿಸಿಕೊಂಡಿದ್ದೆ ಅಂತ ಭಾವನಿಗೆ ನಾಚಿಕೆಯಾಯಿತು. ಅವನ ಎರಡೂ ಕೈ ಹಿಡಿದುಕೊಂಡು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೋ," ಎಂದ.

"ಸಾಕು ಬಿಡಿ. ಇವತ್ತು ನಾನು ಇಳೀತೀನಿ," ಎಂದು ಭಾಮೈದ ಪಟ್ಟಿ ಬಿಗಿದುಕೊಂಡು ಎದುರು ಬಂದು ನಿಂತ. "ನೋಡಿ ಭಾವ."

ಭಾವ ಕೊಂಡಿ ಜಗ್ಗಿದ. ಬಳೆ ಜಗ್ಗಿದ. ಮತ್ತೆ ಕೊಂಡಿ ಜಗ್ಗಿದ.

"ಸಂಜೆಯೊಳಗೆ ಇಳೀಬಹುದಾ?"

"ಬಾಯ್ಮುಚ್ಕೊಂಡು ನಿಲ್ಲು. ಇನ್ನೊಂದ್ಸಲ ನೋಡ್ತೀನಿ."

ನೋಡಿದ. ಆಮೇಲೆ, "ಸರಿ," ಎಂದ.

ಭಾಮೈದ ಗೋಡೆಯಾಚೆ ಮರೆಯಾದ. ಹಗ್ಗ ಬಿಗಿಯಾಯಿತು. ಭಾವ ಬಿಸಿಲಿನಲ್ಲೇ ಅದರ ಪಕ್ಕ ಕೂತು ಅಂಗೈಯನ್ನು ಅದರ ಮೇಲಿಟ್ಟ. ಕೆಳಗೆ ಗಾಜು ಒರೆಸುತ್ತಿದ್ದ ಕೈಯ ಅಲುಗಾಟ ಅಂಗೈಗೆ ಸಣ್ಣಗೆ ತಿಳಿಯುತ್ತಿತ್ತು.