ಮುತ್ತುರಾಜುವಿನ ಸಾಕ್ಷಿ

ದೇವರು ತನ್ನನ್ನು ಉಳಿಸಿದ್ದು ನಿಜವೇ ಆದರೆ, ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಗೆಳೆಯ ದೀಪು ಬಿದ್ದಿರಲಿಲ್ಲವೇ? ಬಿದ್ದೂ ಸುಮ್ಮನಿದ್ದನೇ? ಅದರಾಚೆ ಯೋಚಿಸಲು ಮುತ್ತುರಾಜುವಿಗೆ ಹೆದರಿಕೆಯಾಯಿತು.

ಬಿಡದಿಯ ಆ ಪ್ರಾರ್ಥನಾ ಮಂದಿರಕ್ಕೆ ಸಿಮೆಂಟ್ ಶೀಟಿನ ಮಾಡು. ಚಾಪೆಯ ಮೇಲೆ ಕೂತವನು ಬಲಗೈಯನ್ನು ಬೈಬಲ್ಲಿನ ಕೆಳಗೆ ಅಡಗಿಸಿಕೊಂಡಿದ್ದ. ಹಾಡು ಮುಗಿದರೆ ಸಾಕ್ಷಿಯ ಸಮಯ. ಎದ್ದು ನಿಂತು, ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳಬೇಕು.

ಕಾರಿನ ಕಾರ್ಖಾನೆ ಬಂದ ಮೇಲೆ ಅದರ ಸುತ್ತ ಎದ್ದ ಬಿಡಿಭಾಗದ ಶೆಡ್ಡೊಂದರಲ್ಲಿ ಅವನದು ತಗಡು ಒತ್ತುವ ಪ್ರೆಸ್ಸಿನ ಕೆಲಸ. ಶುಭ ಶುಕ್ರವಾರ ಗುತ್ತಿಗೆಯವರಿಗೆ ರಜೆಯಿರಲಿಲ್ಲ.

‘ಹೋಗ್ಲಾ, ನಿಮ್ ಸಾಮಿ ಸತ್ತ ದಿನ. ನಿನ್ ಪ್ರೆಸ್ಸಿಗೆ ನಾನ್ ನಿಂತ್ಕತ್ತೀನಿ,’ ಎಂದಿದ್ದ ಅದೇ ಶೆಡ್ಡಿನಲ್ಲಿ ದುಡಿಯುವ ಅಕ್ಕೂರಿನ ದೀಪು. ‘ನಮ್ ಮಾರಿಹಬ್ಬಕ್ಕೆ ನೀನ್ ನಿಂತ್ಕಂಡಿರ್ಲಿಲ್ವಾ? ಒಂದ್ ತಟ್ಟೆ ಇಡ್ಲಿ ಕೊಡ್ಸು, ಸಾಕು.’

ಮುತ್ತುರಾಜು ಇದೇ ಚಾಪೆಯ ಮೇಲೆ ಮೊಣಕಾಲೂರಿದ್ದಾಗ ಪ್ರೆಸ್ಸು ಕೆಳಗಿಳಿಯಿತು. ದೀಪುವಿನ ಬಲಗೈ ಮಣಿಕಟ್ಟಿನವರೆಗೆ ಹೋಯಿತು.

ಈಗ ಗಾಯ ಒಣಗಿದೆ. ಇವತ್ತು ಬೆಳಿಗ್ಗೆ ಮುತ್ತುರಾಜು ತಾಯಿ ಅಂಬಮ್ಮನಿಗೆ ಹೇಳಿ ನೋಡಿದ್ದ.

‘ಸಾಕ್ಷಿ ಬ್ಯಾಡ ಕಣವ್ವ.’

‘ಯಾಕ್ಲಾ? ಆವತ್ತು ನೀನ್ ಅಲ್ಲಿ ನಿಂತಿದ್ರೆ ಇವತ್ತು ನಾನ್ ನಿಂಗೆ ಅನ್ನ ಕಲಸಿ ತಿನ್ನುಸ್ಬೇಕಾಗಿತ್ತು!’

ಅಕ್ಕೂರಿನಲ್ಲಿ ದೀಪುವಿನ ತಾಯಿ ಬೈರಮ್ಮ ಅದನ್ನೇ ಮಾಡುತ್ತಿದ್ದಳು. ಮುತ್ತುರಾಜು ಅದನ್ನು ಕಣ್ಣಾರೆ ಕಂಡಿದ್ದ.

ಅವನು ಬೈಬಲ್ಲನ್ನು ಎತ್ತಿಕೊಂಡು ಅವಳ ಹಿಂದೆ ಹೊರಟ. ಗಂಡ ಸತ್ತ ಮೇಲೆ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದ ಅಂಬಮ್ಮನನ್ನು ಒಡಹುಟ್ಟಿದವರೇ ಮದುವೆ ಮುಂಜಿಗೆ ಕರೆಯುವುದನ್ನು ಬಿಟ್ಟಿದ್ದರು. ಈ ಚಾಪೆಗಳ ಮೇಲೆ ಕೂರುವವರೇ ಅವಳ ನೆಂಟರು. ಮಗ ಸಾಕ್ಷಿ ಹೇಳುತ್ತಾನೆಂದು ಅವರಿಗೆ ಅವಳು ಆಗಲೇ ಮಾತು ಕೊಟ್ಟಾಗಿತ್ತು. ಅಷ್ಟೇ ಅಲ್ಲ, ದೀಪುವನ್ನೂ ಕರೆದುಬಿಟ್ಟಿದ್ದಳು. ‘ಬಾರಪ್ಪ, ನಿಂಗೂ ಪ್ರಾರ್ಥನೆ ಮಾಡುಸ್ತೀನಿ,’ ಎಂದಿದ್ದಳು. ಆಸ್ಪತ್ರೆಗೆ ತಪ್ಪದೆ ಮುದ್ದೆ ಸಾರು ತಂದುಕೊಟ್ಟವಳಿಗೆ ಇಲ್ಲವೆನ್ನಲಾಗದೆ ದೀಪು ಬಂದಿದ್ದ. ಹಿಂದೆ, ಗೋಡೆಗೆ ಒರಗಿ ಕೂತಿದ್ದ.

ಹಾಡು ನಿಂತಿತು. ‘ಬ್ರದರ್ ಮುತ್ತುರಾಜು,’ ಎಂದರು ಪಾಸ್ಟರ್.

ಬಾಗಿಲು ದೀಪುವಿನ ಪಕ್ಕದಲ್ಲೇ ಇತ್ತು. ಹೊರಗೆ ಹೋಗಬೇಕಾದರೂ ಅವನನ್ನು ದಾಟಿಯೇ ಹೋಗಬೇಕು. ಅಂಬಮ್ಮ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಮಗನತ್ತ ನೋಡಿದಳು. ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು.

ಮುತ್ತುರಾಜು ಎದ್ದು ನಿಂತ. ‘ಶುಭ ಶುಕ್ರವಾರ ನಾನು ಪ್ರಾರ್ಥನೆಯಲ್ಲಿದ್ದಾಗ, ನಾನು ನಿಲ್ಲಬೇಕಿದ್ದ ಜಾಗದಲ್ಲಿ ಅಪಘಾತವಾಯಿತು. ಕರ್ತನು ನನ್ನನ್ನು ಕಾಪಾಡಿದನು.’ ತನ್ನ ದನಿ ತನಗೇ ಬೇರೆಯವರದೆಂಬಂತೆ ಕೇಳಿಸಿತು.

‘ಸ್ತೋತ್ರ!’ ಎಲ್ಲರೂ ಚಪ್ಪಾಳೆ ತಟ್ಟಿದರು. ಸುತ್ತ ನೋಡಿ ದೀಪುವೂ ಎಡಗೈ ಎತ್ತಿದ. ಒಂದು ಕ್ಷಣ ಆ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಅದರಿಂದ ತೊಡೆ ತಟ್ಟತೊಡಗಿದ.

ಹೊರಗೆ ಚಪ್ಪಲಿ ಹುಡುಕುತ್ತಾ ದೀಪು ಹೇಳಿದ: ‘ಚೆನ್ನಾಗ್ ಮಾತಾಡ್ದೆ ಕಣ್ಲಾ. ನೀನ್ ಬಿಎ ಓದಿದ್ದು ದಂಡ ಆಗ್ಲಿಲ್ಲ. ಇಡ್ಲಿ ಬಾಕಿ ಐತೆ, ನಡಿ.’

ಹೋಟೆಲಿನಲ್ಲಿ ದೀಪುವಿನ ಎಡಗೈಗೆ ಇಡ್ಲಿ ಮುರಿದು ಚಟ್ನಿಗೆ ಅದ್ದುವುದು ಇನ್ನೂ ಒಗ್ಗಿರಲಿಲ್ಲ. ಮುತ್ತುರಾಜು ತನ್ನ ತಟ್ಟೆಯನ್ನೇ ನೋಡುತ್ತಾ ತಿಂದ.

ಆ ಸಾಕ್ಷಿಯನ್ನು ಅವನು ಆಮೇಲೆ ಎಷ್ಟೋ ಸಲ ಹೇಳಿದ. ದೀಪುವಿನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ.